ಎಂಜಿನ್ ಹೊಟ್ಟೆಯಲ್ಲಿ ಉಳಿದ ನಾಲ್ಕು ಲೀಟರ್

ಮಕ್ಕಳೇ, ನಿಮ್ಮ ಊರಿನಲ್ಲಿ ಒಂದಾದರೂ ಟ್ರಾಕ್ಟರ್ ಇರುತ್ತದೆ. ಅದು ನಿಂತಿರುವಾಗ ಮುಂದೆ ಹೋಗಿ ಜಾಲರಿಯ ಒಳಗೆ ಇಣುಕಿ ನೋಡಿ. ಸಣ್ಣ ಸಣ್ಣ ಕಿಂಡಿಗಳಿರುವ, ಜೇನುಗೂಡಿನಂತೆ ಕಾಣುವ ಒಂದು ಚಪ್ಪಟೆ ಪೆಟ್ಟಿಗೆ ಇದೆಯಲ್ಲವೇ? ಅದೇ ರೇಡಿಯೇಟರ್. ಅದರ ಹಿಂದೆ ಫ್ಯಾನು, ಫ್ಯಾನಿನ ಹಿಂದೆ ಎಂಜಿನ್. ರೇಡಿಯೇಟರಿಗೆ ನೀರು ಹಾಕುವುದನ್ನು ನೀವು ನೋಡಿರಬಹುದು. ಆದರೆ ಹಾಕಿದ ನೀರನ್ನು ಹೊರಗೆ ತೆಗೆಯುವುದನ್ನು ನೋಡಿದ್ದೀರಾ? ಅದೇನು ದೊಡ್ಡ ಕೆಲಸ, ನಲ್ಲಿ ತಿರುಗಿಸಿದರೆ ಆಯಿತು ಎನ್ನುತ್ತೀರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮದು ಕೋಲಾರದ ಕಡೆಯ ಊರು. ಒಂದು ವರ್ಷ ಮುಂಗಾರು ತಡವಾಗಿ ಬಿತ್ತು. ಮಳೆ ಬಿದ್ದ ಮೂರನೇ ದಿನ ಎಲ್ಲರಿಗೂ ಒಟ್ಟಿಗೇ ಕಡಲೆಕಾಯಿ ಬಿತ್ತುವ ಆತುರ. ಊರಿನಲ್ಲಿ ಬಾಡಿಗೆಗೆ ಸಿಗುವ ಟ್ರಾಕ್ಟರ್ ಒಂದೇ. ಅದು ಮಧ್ಯಾಹ್ನ ಹೊಲದ ನಡುವೆ ಬುಸ್ ಎಂದು ಹಬೆ ಬಿಟ್ಟು ನಿಂತುಬಿಟ್ಟಿತು. ಇನ್ನೂ ನಾಲ್ಕು ಮನೆಯವರ ಹೊಲ ಬಾಕಿ ಇತ್ತು. ಕೆಂಪು ಮಣ್ಣಿನ ಹದ ಎಷ್ಟು ದಿನ ಇರುತ್ತದೆ? ಬಿಸಿಲು ಜೋರಾದರೆ ಎರಡು ಮೂರು ದಿನ, ಅಷ್ಟೇ. ಆಮೇಲೆ ಮುಂದಿನ ಮಳೆಗೆ ಕಾಯಬೇಕು.

ಸಂಜೆ ಟ್ರಾಕ್ಟರನ್ನು ಎಳೆದು ತಂದು ನಮ್ಮ ಶಾಲೆಯ ಎದುರಿಗಿರುವ ಶೆಡ್ಡಿನಲ್ಲಿ ನಿಲ್ಲಿಸಿದರು. ಮೇಸ್ತ್ರಿಯವರು ಆ ರಾತ್ರಿ ಅದನ್ನು ಮುಟ್ಟಲಿಲ್ಲ. “ಬೆಳಗ್ಗೆ ನೋಡೋಣ, ಈಗ ಮುಟ್ಟಿದ್ರೆ ಅದೂ ಕೆಡುತ್ತೆ, ನಾನೂ ಕೆಡ್ತೀನಿ” ಅಂದರು. ಮಾರನೆಯ ದಿನ ಅವರ ಒಪ್ಪಿಗೆ ಪಡೆದು ಏಳನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಮೇಸ್ತ್ರಿಯವರು ರಾತ್ರಿ ಏಕೆ ಮುಟ್ಟಲಿಲ್ಲ? ನಿಮ್ಮ ಶಾಲೆಯ ಬಿಸಿಯೂಟದ ಕುಕ್ಕರನ್ನು ನೆನೆಯಿರಿ. ಮುಚ್ಚಿದ ಕುಕ್ಕರಿನಲ್ಲಿ ಒತ್ತಡ ಹೆಚ್ಚಿರುವುದರಿಂದ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದಿಲ್ಲ, ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ. ರೇಡಿಯೇಟರಿನ ಮುಚ್ಚಳವೂ ಸ್ಪ್ರಿಂಗ್ ಇರುವ ಇಂಥದೇ ಮುಚ್ಚಳ. ಒಳಗಿನ ನೀರು 105 ಡಿಗ್ರಿ ಇದ್ದಾಗ ಯಾರಾದರೂ ಮುಚ್ಚಳ ತೆರೆದರೆ ಒತ್ತಡ ಥಟ್ಟನೆ ಇಳಿಯುತ್ತದೆ. ಆಗ ಇಡೀ ನೀರು ಒಮ್ಮೆಲೇ ಕುದಿದು ಹಬೆಯೊಡನೆ ಮುಖಕ್ಕೆ ಚಿಮ್ಮುತ್ತದೆ. ಮೇಸ್ತ್ರಿಯವರ ಬಲಗೈಯಲ್ಲಿ ಮೊಣಕೈವರೆಗೆ ಹರಡಿರುವ ಕಲೆ ಹಾಗೆಯೇ ಆದದ್ದು. ಆಗ ಅವರಿಗೆ ಹದಿನಾರು ವರ್ಷವಂತೆ.

ಇನ್ನೊಂದು ಕಾರಣವೂ ಇದೆ. ಉರಿಯುತ್ತಿರುವ ಲಾಟೀನಿನ ಗಾಜಿನ ಮೇಲೆ ತಣ್ಣೀರಿನ ಹನಿ ಬಿದ್ದರೆ ಗಾಜು ಟಪ್ ಎಂದು ಸೀಳುತ್ತದೆ. ನೀರು ಬಿದ್ದ ಭಾಗ ಕುಗ್ಗುತ್ತದೆ, ಪಕ್ಕದ ಭಾಗ ಹಿಗ್ಗಿಕೊಂಡೇ ಇರುತ್ತದೆ. ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಅದಕ್ಕೂ ಇದೇ ಗತಿ ಆಗಬಹುದು.

ನೀರು ಬೇಕೇ ಬೇಕೆ?

ಡೀಸೆಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನ ಒಳಗಿನ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು! ಪಿಸ್ಟನ್ನುಗಳು ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದವು. ಹಾಗಿದ್ದರೂ ಅವು ಕರಗುವುದಿಲ್ಲ. ಏಕೆಂದರೆ ಉರಿ ಇರುವುದು ಕ್ಷಣ ಮಾತ್ರ, ಜೊತೆಗೆ ಲೋಹಕ್ಕೆ ತಾಗಿದ ಶಾಖವನ್ನು ಸುತ್ತಲೂ ಹರಿಯುವ ನೀರು ಹೊತ್ತುಕೊಂಡು ಹೋಗುತ್ತಿರುತ್ತದೆ. ಇಂಧನದಿಂದ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಭಾಗ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಹೊರಹಾಕುವುದು ನೀರಿನ ಕೆಲಸ.

ನೀರನ್ನೇ ಏಕೆ ಆರಿಸಿದರು? ಒಂದು ಕಿಲೋ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖದಲ್ಲಿ ಒಂದು ಕಿಲೋ ಕಬ್ಬಿಣದ ತಾಪವನ್ನು ಸುಮಾರು ಒಂಬತ್ತು ಡಿಗ್ರಿ ಏರಿಸಬಹುದು. ಅಂದರೆ ನೀರು ತಾನು ಹೆಚ್ಚು ಬಿಸಿಯಾಗದೆ ಬಹಳ ಶಾಖ ಹೊರುತ್ತದೆ. ಇಷ್ಟು ಒಳ್ಳೆಯ ಕೂಲಿ ಇಷ್ಟು ಅಗ್ಗಕ್ಕೆ ಬೇರೆಲ್ಲಿ ಸಿಗುತ್ತಾನೆ?

ಬ್ಲಾಕಿನ ಗೋಡೆ ಒಂದೇ ಪದರದ್ದಲ್ಲ. ಸಿಲಿಂಡರುಗಳ ಸುತ್ತ ಪೊಳ್ಳು ಜಾಗ ಬಿಟ್ಟು ಎರಕ ಹೊಯ್ದಿರುತ್ತಾರೆ. ನಮ್ಮ ಮೈಮೇಲಿನ ಅಂಗಿಯಂತೆ ಈ ಪೊಳ್ಳಿನಲ್ಲಿ ನೀರು ಸುತ್ತುವರಿದಿರುತ್ತದೆ. ಇದಕ್ಕೆ ನೀರಿನ ಜಾಕೆಟ್ ಎನ್ನುತ್ತಾರೆ. ಪಂಪು ರೇಡಿಯೇಟರಿನ ತಳದಿಂದ ತಣ್ಣನೆಯ ನೀರನ್ನು ಎಳೆದು ಬ್ಲಾಕಿಗೆ ತಳ್ಳುತ್ತದೆ. ಅದು ಸಿಲಿಂಡರುಗಳನ್ನು ಸುತ್ತಿ, ಮೇಲೇರಿ, ಮೇಲಿನ ರಬ್ಬರ್ ಪೈಪಿನ ಮೂಲಕ ಮತ್ತೆ ರೇಡಿಯೇಟರಿಗೆ ಬಂದು ತಣ್ಣಗಾಗುತ್ತದೆ.

ಹತ್ತರಲ್ಲಿ ಆರು ಕಳೆದರೆ

ಮೇಸ್ತ್ರಿಯವರು ಮೊದಲು ಮೇಲಿನ ಪೈಪನ್ನು ಮುಟ್ಟಿ ನೋಡಿದರು. ತಣ್ಣಗಿತ್ತು. ಬಟ್ಟೆ ಹಿಡಿದು ಮುಚ್ಚಳ ತೆಗೆದರು. ರೇಡಿಯೇಟರಿನ ಕೆಳಗೆ ಅಗಲವಾದ ತಟ್ಟೆ ಇಟ್ಟು ತಳದ ನಲ್ಲಿ ತಿರುಗಿಸಿದರು. ಕಂದು ಬಣ್ಣದ ನೀರು ಬಂತು, ಟೀ ಸೋಸಿದ ಹಾಗೆ. ಮಕ್ಕಳು ಲೀಟರ್ ಮಗ್ಗಿನಲ್ಲಿ ಅಳೆದರು. ಆರು ಲೀಟರಿಗೆ ನಿಂತುಹೋಯಿತು.

ಟ್ರಾಕ್ಟರಿನ ಪುಸ್ತಕದಲ್ಲಿ ಹತ್ತು ಲೀಟರ್ ಎಂದು ಬರೆದಿತ್ತು. ಪುಸ್ತಕ ಹಿಡಿದುಕೊಂಡಿದ್ದ ಹುಡುಗಿ ಕೇಳಿಯೇಬಿಟ್ಟಳು: “ಮಾಮ, ಇನ್ನು ನಾಲ್ಕು ಲೀಟರ್ ಎಲ್ಲಿ?”

“ಹೊಟ್ಟೇಲೈತೆ ಕಣಮ್ಮ” ಎಂದು ಅವರು ಬ್ಲಾಕಿನ ಮೇಲೆ ತಟ್ಟಿದರು.

ನಿಮ್ಮ ಊರಿನ ನೀರಿನ ತೊಟ್ಟಿಯನ್ನು ನೋಡಿ. ನಲ್ಲಿ ತಳಕ್ಕೆ ಸರಿಯಾಗಿ ಇರುವುದಿಲ್ಲ, ಒಂದು ಗೇಣು ಮೇಲಿರುತ್ತದೆ. ನಲ್ಲಿಯಲ್ಲಿ ನೀರು ನಿಂತರೂ ತಳದಲ್ಲಿ ಒಂದು ಗೇಣು ನೀರು ಉಳಿದಿರುತ್ತದೆ. ಕೆಸರು ಕೂರುವುದೂ ಅಲ್ಲಿಯೇ. ಎಂಜಿನ್ನಿನಲ್ಲೂ ಹೀಗೆಯೇ. ರೇಡಿಯೇಟರಿನಿಂದ ಬರುವ ಪೈಪು ಬ್ಲಾಕನ್ನು ಸೇರುವ ಬಾಯಿ ಜಾಕೆಟಿನ ತಳಕ್ಕಿಂತ ಮೇಲಿದೆ. ಆ ಬಾಯಿಗಿಂತ ಮೇಲಿನ ನೀರು ರೇಡಿಯೇಟರಿನ ನಲ್ಲಿಯಿಂದ ಇಳಿದು ಬರುತ್ತದೆ, ಕೆಳಗಿನದು ಬರುವುದಿಲ್ಲ. ಅದಕ್ಕಾಗಿಯೇ ಬ್ಲಾಕಿನ ಪಕ್ಕದಲ್ಲಿ, ಬಹಳ ಕೆಳಗೆ, ಬೇರೊಂದು ಬಿರಡೆ ಇಟ್ಟಿರುತ್ತಾರೆ.

ಮೇಸ್ತ್ರಿಯವರು ಸ್ಪ್ಯಾನರ್ ಹಾಕಿ ಆ ಬಿರಡೆಯನ್ನು ಬಿಚ್ಚಿದರು. ಏನೂ ಬರಲಿಲ್ಲ! ಒಂದು ಹನಿಯೂ ಇಲ್ಲ. “ಖಾಲಿ ಮಾಮ” ಎಂದ ಒಬ್ಬ ಹುಡುಗ. ಅವರು ನಕ್ಕು, ಸೈಕಲ್ಲಿನ ಹಳೆಯ ಕಡ್ಡಿಯೊಂದನ್ನು ತೂತಿನೊಳಗೆ ತೂರಿಸಿ ನಾಲ್ಕು ಸಲ ಕೆದಕಿದರು. ಮೊದಲು ರಾಗಿ ಅಂಬಲಿಯಂಥ ಕೆಸರು ಇಳಿಯಿತು. ಆಮೇಲೆ ಭರ್ ಎಂದು ನೀರು ಬಂತು. ಮುಂದೆ ಬಗ್ಗಿ ನೋಡುತ್ತಿದ್ದ ನನ್ನ ಪಂಚೆಯ ಮೇಲೂ ಬಂತು. ಆ ಕಲೆ ಈಗಲೂ ಹೋಗಿಲ್ಲ.

ಮೂರೂವರೆ ಲೀಟರ್ ಸಿಕ್ಕಿತು. ಮಿಕ್ಕ ಅರ್ಧ ಲೀಟರ್? ಸ್ವಲ್ಪ ಸಂದುಗೊಂದುಗಳಲ್ಲಿ ಅಂಟಿರುತ್ತದೆ. ಸ್ವಲ್ಪ ಜಾಗವನ್ನು ಕೆಸರು ತಿಂದಿರುತ್ತದೆ. ಹಿಂದಿನ ದಿನ ಹಬೆಯಾಗಿ ಹೋದದ್ದೂ ಉಂಟು.

ಕಿಟ್ಟ ಎಲ್ಲಿಂದ ಬಂತು?

ಕೆಸರನ್ನು ಹಳೆಯ ಬಟ್ಟೆಯ ಮೇಲೆ ಹರಡಿ ನೋಡಿದೆವು. ಎರಡು ಬಗೆಯ ವಸ್ತುಗಳು ಸಿಕ್ಕವು. ಒಂದು ಕೆಂಗಂದು ಪುಡಿ. ಅದು ತುಕ್ಕು. ಕಬ್ಬಿಣ, ನೀರು, ನೀರಿನಲ್ಲಿ ಕರಗಿದ ಆಮ್ಲಜನಕ ಮೂರೂ ಸೇರಿದ ಕಡೆ ತುಕ್ಕು ಹುಟ್ಟುತ್ತದೆ. ಇನ್ನೊಂದು ಬಿಳಿಯ ಚಕ್ಕೆ. ಅದನ್ನು ನೋಡಿದ ಕೂಡಲೇ ಮಕ್ಕಳು “ಇದು ನಮ್ಮ ಹಂಡೇಲೂ ಇರುತ್ತೆ” ಎಂದರು.

ಸರಿಯಾಗಿ ಹೇಳಿದರು. ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು ನೀರು. ಬಂಡೆಗಳ ನಡುವೆ ಇದ್ದು ಬರುವ ಈ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ಕಾಯಿಸಿದಾಗ ಅದು ಒಡೆದು ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಸ್ನಾನದ ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುವುದು ಇದರಿಂದಲೇ. ಹಂಡೆಯಲ್ಲಿ ಪೊರೆ ಕಟ್ಟಿದರೆ ನೀರು ಕಾಯಲು ಸೌದೆ ಹೆಚ್ಚು ಬೇಕು, ಅಷ್ಟೇ. ಎಂಜಿನ್ನಿನಲ್ಲಿ ಕಟ್ಟಿದರೆ? ಈ ಪೊರೆ ಶಾಖವನ್ನು ಸಾಗಿಸುವುದರಲ್ಲಿ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಹಿಂದೆ. ಸಿಲಿಂಡರಿಗೆ ಕಂಬಳಿ ಹೊದಿಸಿದ ಹಾಗಾಯಿತು. ನೀರು ತುಂಬಿದ್ದರೂ ಶಾಖ ನೀರಿಗೆ ಸರಿಯಾಗಿ ತಲುಪುವುದಿಲ್ಲ. ಪಿಸ್ಟನ್ ಹಿಗ್ಗುತ್ತದೆ, ನಡುವಿನ ಎಣ್ಣೆಯ ತೆಳು ಪದರ ಹರಿಯುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. “ಎಂಜಿನ್ ಸೀಜ್ ಆಯ್ತು” ಎಂದು ದೊಡ್ಡವರು ತಲೆಯ ಮೇಲೆ ಕೈ ಹೊತ್ತು ಹೇಳುವುದು ಇದನ್ನೇ. ನಮ್ಮ ಟ್ರಾಕ್ಟರ್ ಅದಕ್ಕೆ ಸ್ವಲ್ಪ ಮೊದಲೇ ನಿಂತದ್ದು ಪುಣ್ಯ. ಮಾಲೀಕರು ಮೂರು ವರ್ಷದಿಂದ ಕೊಳವೆಬಾವಿಯ ನೀರನ್ನೇ ಸುರಿಯುತ್ತಾ ಬಂದಿದ್ದರಂತೆ.

ಜರಡಿ ತಿರುವಿ ತಟ್ಟಿದ ಹಾಗೆ

ಬರಿದು ಮಾಡಿದ ಮೇಲೆ ತೊಳೆಯುವ ಕೆಲಸ. ಬ್ಲಾಕಿನ ಮೇಲುಭಾಗದಲ್ಲಿರುವ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲನ್ನು ಮೇಸ್ತ್ರಿಯವರು ಬಿಚ್ಚಿ ತೆಗೆದರು. ಎಂಜಿನ್ ತಣ್ಣಗಿರುವಾಗ ಇದು ಮುಚ್ಚಿಕೊಂಡು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಹಾಗಾಗಿ ಎಂಜಿನ್ ಬೇಗ ಹದವಾಗಿ ಬಿಸಿಯಾಗುತ್ತದೆ. ಸುಮಾರು 80 ಡಿಗ್ರಿಗೆ ಬಂದಾಗ ಅದರೊಳಗಿನ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ನಂಬಿಕೆ ಬರಲಿಲ್ಲವೇ? ನಮ್ಮ ಮಕ್ಕಳಿಗೂ ಬರಲಿಲ್ಲ. ಮೇಸ್ತ್ರಿಯವರು ಅದನ್ನು ಒಂದು ಹಳೆಯ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಸೀಮೆಎಣ್ಣೆ ಸ್ಟೌ ಮೇಲೆ ಇಟ್ಟರು. ನೀರು ಕುದಿಯುವ ಮೊದಲೇ ಬಾಗಿಲು ನಿಧಾನವಾಗಿ ಬಾಯಿ ತೆರೆಯಿತು. ಒಲೆಯಿಂದ ಇಳಿಸಿದಾಗ ಮತ್ತೆ ಮುಚ್ಚಿಕೊಂಡಿತು. ವಿದ್ಯುತ್ ಇಲ್ಲ, ಕೈ ಇಲ್ಲ, ಬರೀ ಮೇಣ! ಆ ದಿನ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಥರ್ಮೋಸ್ಟಾಟ್ ಇದ್ದ ಬಾಯಿಗೆ ನೀರಿನ ಪೈಪು ಇಟ್ಟು ಮೇಲಿನಿಂದ ನೀರು ಬಿಟ್ಟರು. ಅದು ಬ್ಲಾಕಿನ ಕೆಳಗಿನ ತೂತಿನಿಂದ ಹೊರಬಂತು. ಗಮನಿಸಿದಿರಾ? ಎಂಜಿನ್ ಓಡುವಾಗ ಬ್ಲಾಕಿನಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ತೊಳೆಯುವಾಗ ಮೇಲಿನಿಂದ ಕೆಳಕ್ಕೆ. ರೇಡಿಯೇಟರಿನಲ್ಲೂ ಹೀಗೆ ತಿರುವುಮುರುವು. ಎಂದಿನಂತೆ ಮೇಲಿನಿಂದ ಕೆಳಕ್ಕಲ್ಲ, ಕೆಳಗಿನ ಪೈಪಿನಿಂದ ನೀರು ನುಗ್ಗಿಸಿ ಮೇಲಿನಿಂದ ಹೊರಬಿಟ್ಟರು. ಜರಡಿಯ ಕಣ್ಣಿನಲ್ಲಿ ಕಾಳು ಸಿಕ್ಕಿಕೊಂಡರೆ ಅಮ್ಮ ಏನು ಮಾಡುತ್ತಾರೆ? ಅದೇ ದಿಕ್ಕಿಗೆ ಒತ್ತಿದರೆ ಇನ್ನಷ್ಟು ಬಿಗಿಯಾಗುತ್ತದೆ. ಜರಡಿಯನ್ನು ತಿರುವಿ ಹಿಂದಿನಿಂದ ತಟ್ಟಿದರೆ ಉದುರುತ್ತದೆ. ಇಲ್ಲಿಯೂ ಅದೇ ಉಪಾಯ. ನೀರಿನ ರಭಸ ಮಾತ್ರ ಹೆಚ್ಚಿರಬಾರದು. ರೇಡಿಯೇಟರಿನ ಕೊಳವೆಗಳು ಬಹಳ ತೆಳು, ಬೆಸುಗೆ ಬಿಡಬಹುದು.

ನೀರಿಗೆ ಬಿಡದ ಬಿಳಿ ಪೊರೆಗೆ ಆಮ್ಲ ಬೇಕು. ನಿಂಬೆಹಣ್ಣಿನಲ್ಲಿ ಇರುವ ಸಿಟ್ರಿಕ್ ಆಮ್ಲದಂಥ ಪುಡಿಯೊಂದನ್ನು ನೀರಿಗೆ ಬೆರೆಸಿ ತುಂಬಿ, ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ, ತಣಿದ ಮೇಲೆ ಮತ್ತೆ ಬರಿದು ಮಾಡಿದರು. ಆಮೇಲೆ ಬರೀ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿದರು. ಆಮ್ಲ ಒಳಗೆ ಉಳಿದರೆ ಪೊರೆಯ ಜೊತೆ ಲೋಹವನ್ನೂ ತಿನ್ನಲು ಶುರುಮಾಡುತ್ತದೆ.

ಬಿರಡೆ ಬಿಚ್ಚಲಾಗದಿದ್ದರೆ ಏನು ಮಾಡುವುದು? ಎಷ್ಟೋ ಕಾರು, ಲಾರಿಗಳಲ್ಲಿ ಅದು ಕೈಗೆ ಎಟುಕುವುದಿಲ್ಲ, ಇಲ್ಲವೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಆಗ ನಿಮ್ಮ ಗಣಿತ ನೆರವಿಗೆ ಬರುತ್ತದೆ. ಹತ್ತು ಲೀಟರಿನಲ್ಲಿ ಆರು ಹೊರಬಂತು, ಹಳೆಯದು ನಾಲ್ಕು ಉಳಿಯಿತು. ಆರು ಲೀಟರ್ ಶುದ್ಧ ನೀರು ತುಂಬಿ, ಎಂಜಿನ್ ಓಡಿಸಿ ಚೆನ್ನಾಗಿ ಬೆರೆಸಿ, ತಣಿದ ಮೇಲೆ ಮತ್ತೆ ಆರು ತೆಗೆಯಿರಿ. ಒಳಗೆ ಉಳಿದ ನಾಲ್ಕು ಲೀಟರಿನಲ್ಲಿ ಈಗ ಹಳೆಯದು ಹತ್ತನೇ ನಾಲ್ಕು ಭಾಗ ಮಾತ್ರ, ಅಂದರೆ 1.6 ಲೀಟರ್. ಇನ್ನೊಮ್ಮೆ ಮಾಡಿದರೆ 0.64 ಲೀಟರ್. ಮತ್ತೊಮ್ಮೆ ಮಾಡಿದರೆ 0.256, ಕಾಲು ಲೀಟರಿಗಿಂತ ಚೂರು ಹೆಚ್ಚು. ಬಟ್ಟೆಯ ಸೋಪು ಬಿಡಿಸಲು ಒಂದೇ ಸಲ ದೊಡ್ಡ ತೊಟ್ಟಿಯಲ್ಲಿ ಅದ್ದುವುದಕ್ಕಿಂತ ಮೂರು ಸಲ ಸಣ್ಣ ಬಕೆಟಿನಲ್ಲಿ ಜಾಲಾಡುವುದು ಮೇಲು ಎಂದು ಮನೆಯಲ್ಲಿ ಹೇಳುವುದು ಈ ಲೆಕ್ಕವನ್ನೇ.

ಶರಬತ್ತಲ್ಲ

ಕೊನೆಗೆ ಹೊಸ ದ್ರವ. ಮೇಸ್ತ್ರಿಯವರು ಒಂದು ಡಬ್ಬ ತೆರೆದರು. ಒಳಗೆ ಹೊಳೆಯುವ ಹಸಿರು ಬಣ್ಣದ ಕೂಲಂಟ್. “ಶರಬತ್ತಿನ ಹಾಗಿದೆ!” ಎಂದು ಹುಡುಗನೊಬ್ಬ ಬೆರಳು ಚಾಚಿದ. ಯಾವಾಗಲೂ ನಗುವ ಮೇಸ್ತ್ರಿಯವರು ಅವನ ಕೈಯನ್ನು ಜೋರಾಗಿ ಹಿಡಿದುಕೊಂಡರು.

ಅವರ ಶೆಡ್ಡಿನಲ್ಲಿ ಮೊದಲು ಒಂದು ಕಂದು ನಾಯಿ ಇತ್ತು. ನಮ್ಮ ಶಾಲೆಯ ಗೇಟಿನವರೆಗೂ ಬರುತ್ತಿತ್ತು. ಒಂದು ಸಂಜೆ ಲಾರಿಯೊಂದರ ಕೂಲಂಟ್ ಇಳಿಸಿ, ತಟ್ಟೆಯನ್ನು ಹಾಗೆಯೇ ಬಿಟ್ಟು ಮನೆಗೆ ಹೋಗಿದ್ದರು. ರಾತ್ರಿ ನಾಯಿ ಅದನ್ನು ನೆಕ್ಕಿತು. ಬೆಳಗ್ಗೆ ಕುಡಿದವರಂತೆ ತೂರಾಡುತ್ತಿತ್ತು. ಮಧ್ಯಾಹ್ನ ಸರಿಹೋದ ಹಾಗೆ ಕಂಡಿತು. ಮೂರನೆಯ ದಿನ ಸತ್ತುಹೋಯಿತು.

ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವ ಮುಖ್ಯ ವಸ್ತು ಎಥಿಲೀನ್ ಗ್ಲೈಕಾಲ್. ಅದು ಸಿಹಿ. ಪ್ರಾಣಿಗಳು ನೆಕ್ಕುವುದು ಅದಕ್ಕೇ. ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಬೇರೆ ವಸ್ತುಗಳಾಗಿ ಬದಲಿಸುತ್ತದೆ. ಅವುಗಳಲ್ಲಿ ಆಕ್ಸಾಲಿಕ್ ಆಮ್ಲವೂ ಒಂದು. ಅದು ದೇಹದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಚೂಪು ಹರಳುಗಳಾಗಿ ಕೂರುತ್ತದೆ. ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಮನುಷ್ಯರಿಗೂ ಇದು ವಿಷವೇ. ಇದಕ್ಕೆ ಚಿಕಿತ್ಸೆ ಉಂಟು, ಆದರೆ ಬೇಗ ಸಿಗಬೇಕು. ಯಾರಾದರೂ ಕುಡಿದದ್ದು ಗೊತ್ತಾದರೆ, ಚೆನ್ನಾಗಿಯೇ ಇದ್ದಾರೆ ಎಂದು ಕಾಯದೆ, ಡಬ್ಬದ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇಷ್ಟು ಅಪಾಯದ ವಸ್ತುವನ್ನು ಏಕೆ ಹಾಕುತ್ತಾರೆ? ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಮಿಶ್ರಣ ನೀರಿಗಿಂತ ಕೆಲವು ಡಿಗ್ರಿ ಹೆಚ್ಚಿನ ತಾಪದಲ್ಲಿ ಕುದಿಯುತ್ತದೆ. ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗೆ. ಕೋಲಾರದಲ್ಲಿ ಅದರ ಅಗತ್ಯವಿಲ್ಲ, ಲಡಾಖಿಗೆ ಹೋಗುವ ಲಾರಿಗೆ ಇದೆ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತು ಭಾಗ ಹಿಗ್ಗುತ್ತದೆ, ಬ್ಲಾಕನ್ನೇ ಸೀಳುತ್ತದೆ. ಗ್ಲೈಕಾಲ್ ಬಳಕೆಗೆ ಬರುವ ಮೊದಲು ಚಳಿ ದೇಶಗಳ ಚಾಲಕರು ಪ್ರತಿ ರಾತ್ರಿ ಎಂಜಿನ್ನಿನ ನೀರನ್ನು ಪೂರ್ತಿ ಇಳಿಸಿ ಮಲಗುತ್ತಿದ್ದರು. ನಮಗೆ ಮುಖ್ಯವಾದದ್ದು ಕೂಲಂಟಿಗೆ ಸೇರಿಸಿರುವ ತುಕ್ಕುತಡೆ ವಸ್ತುಗಳು. ಅವು ಓಡಾಟದಲ್ಲಿ ಖರ್ಚಾಗುತ್ತವೆ. ಗ್ಲೈಕಾಲ್ ಕೂಡ ಹಳತಾದಂತೆ ಆಮ್ಲವಾಗತೊಡಗುತ್ತದೆ. ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಬೇಕಾದದ್ದು ಇದಕ್ಕಾಗಿ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂದೂ ಅಲ್ಲ. ಗ್ಲೈಕಾಲ್ ನೀರಿನಷ್ಟು ಶಾಖ ಹೊರಲಾರದು. ಬಣ್ಣ ನೋಡಿ ಬೇರೆ ಬೇರೆ ಕೂಲಂಟುಗಳನ್ನು ಬೆರೆಸುವುದೂ ಸರಿಯಲ್ಲ. ಹಸಿರು, ಗುಲಾಬಿ, ನೀಲಿ ಎಲ್ಲವೂ ಹಾಕಿದ ಬಣ್ಣ ಮಾತ್ರ.

ಮೇಸ್ತ್ರಿಯವರು ಐದು ಲೀಟರ್ ಕೂಲಂಟ್, ಐದು ಲೀಟರ್ ಡಿಸ್ಟಿಲ್ಡ್ ನೀರು ಅಳೆದು ಬೆರೆಸಿದರು. ಬ್ಯಾಟರಿಗೆ ಹಾಕುವ ಅದೇ ನೀರು, ಅದರಲ್ಲಿ ಸುಣ್ಣದ ಅಂಶ ಇಲ್ಲ. ಬ್ಲಾಕಿನಲ್ಲಿ ನಾಲ್ಕು ಲೀಟರ್ ಬರೀ ನೀರು ಉಳಿದಿದ್ದರೆ ಹೇಗೆ ಬೆರೆಸಬೇಕಿತ್ತು? ಐದು ಲೀಟರ್ ಕೂಲಂಟ್, ಒಂದೇ ಲೀಟರ್ ನೀರು. ಅರ್ಧಕ್ಕರ್ಧ ಬೆರೆಸಿ ಆರು ಲೀಟರ್ ಹಾಕಿದ್ದರೆ ಹತ್ತರಲ್ಲಿ ಮೂರು ಲೀಟರ್ ಮಾತ್ರ ಕೂಲಂಟ್ ಆಗುತ್ತಿತ್ತು.

ಮೆಲ್ಲಗೆ ತುಂಬಿ, ಮುಚ್ಚಳ ತೆರೆದೇ ಎಂಜಿನ್ ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ಥರ್ಮೋಸ್ಟಾಟ್ ಬಾಯಿ ತೆರೆದು, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಗುಳುಗುಳು ಎಂದು ಮೇಲೆ ಬಂತು. ಮಟ್ಟ ಇಳಿಯಿತು, ಇನ್ನಷ್ಟು ಹಾಕಿ ಮುಚ್ಚಿದರು. ಹಳೆಯ ದ್ರವವನ್ನು ಚರಂಡಿಗೆ ಚೆಲ್ಲಲಿಲ್ಲ. ಬಿಗಿ ಮುಚ್ಚಳದ ಕ್ಯಾನಿಗೆ ಸುರಿದು, ಪಟ್ಟಣದ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಲು ಮೇಲಿನ ಅಟ್ಟದ ಮೇಲಿಟ್ಟರು. ಮಧ್ಯಾಹ್ನ ಬಿಸಿಯೂಟದ ಗಂಟೆ ಹೊಡೆಯುವಾಗ ಟ್ರಾಕ್ಟರ್ ಹೊಲದ ದಾರಿ ಹಿಡಿದಿತ್ತು. ನಾಲ್ಕು ಮನೆಗಳಲ್ಲಿ ಮೂರು ಮನೆಯವರ ಹೊಲ ಆ ಹದದಲ್ಲೇ ಬಿತ್ತನೆಯಾಯಿತು. ನಾಲ್ಕನೆಯವರು ಹನ್ನೆರಡು ದಿನ ಕಾದರು.

ಮಾಡಿ ನೋಡಿ

1. ನೀರು ಇಳಿಸುವಾಗ ಮುಚ್ಚಳ ಏಕೆ ತೆಗೆಯಬೇಕು? ಒಂದು ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಮೊಳೆಯಿಂದ ಸಣ್ಣ ತೂತು ಮಾಡಿ. ತೂತನ್ನು ಬೆರಳಿನಿಂದ ಮುಚ್ಚಿ, ನೀರು ತುಂಬಿ, ಮುಚ್ಚಳ ಬಿಗಿ ಮಾಡಿ. ಈಗ ಬೆರಳು ತೆಗೆಯಿರಿ. ನೀರು ಸ್ವಲ್ಪ ಸುರಿದು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿ. ಏನಾಯಿತು? ಹೊರಗಿನ ಗಾಳಿಯ ಒತ್ತಡವನ್ನು ನೆನಪಿಟ್ಟುಕೊಂಡು ಕಾರಣ ಬರೆಯಿರಿ.

2. ಹಂಡೆಯ ಬಿಳಿ ಚಕ್ಕೆಯ ಒಂದು ಚೂರನ್ನು ನಿಂಬೆರಸದಲ್ಲಿ ಹಾಕಿ. ಗುಳ್ಳೆಗಳು ಬರುತ್ತವೆ. ಅದು ಇಂಗಾಲದ ಡೈಆಕ್ಸೈಡ್. ಮೊಟ್ಟೆಯ ಚಿಪ್ಪಿನಲ್ಲೂ ಬರುತ್ತದೆ. ಶಾಲೆಯ ಸೀಮೆಸುಣ್ಣದಲ್ಲಿ ಬರದಿದ್ದರೆ ಬೇಸರಪಡಬೇಡಿ, ಈಗಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್‌ನಿಂದ ಮಾಡಿದ್ದು.

3. ಒಂದು ಕಾರಿನಲ್ಲಿ ಒಟ್ಟು 6 ಲೀಟರ್ ದ್ರವ ಹಿಡಿಯುತ್ತದೆ. ರೇಡಿಯೇಟರಿನ ನಲ್ಲಿಯಿಂದ 4 ಲೀಟರ್ ಬರುತ್ತದೆ, 2 ಲೀಟರ್ ಬ್ಲಾಕಿನಲ್ಲೇ ಉಳಿಯುತ್ತದೆ. ಹಳೆಯ ದ್ರವ ಕಾಲು ಲೀಟರಿಗಿಂತ ಕಡಿಮೆಯಾಗಲು ಒಟ್ಟು ಎಷ್ಟು ಸಲ ನಲ್ಲಿ ತಿರುಗಿಸಿ ಇಳಿಸಬೇಕು? (ಉತ್ತರ: ಮೂರು ಸಲ.)